ಕವರಿನ ಮೇಲಿನ ಕೆಂಪು ಗೀಟು

ಮೊನ್ನೆ ಊಟ ಮುಗಿಸಿ ಬಂದು ನೋಡಿದರೆ ನನ್ನ ಟೇಬಲ್ಲಿನ ಮೇಲೆ ಹಳೇ ದುಪಟ್ಟಾದಲ್ಲಿ ಸುತ್ತಿದ ಒಂದು ಆಲ್ಬಂ ಇತ್ತು. ಗಂಟು ಬಿಚ್ಚಿದೆ. ಫೋಟೊಕ್ಕಿಂತ ಮೊದಲು ವಾಸನೆ ಬಂತು. ರೆಕ್ಸಿನ್ನಿನದು, ಒಣಗಿದ ಅಂಟಿನದು, ಅದರೊಳಗೆಲ್ಲೋ ಸ್ವಲ್ಪ ಲವಂಗದ್ದು. ಅಂಟಿಗೆ ಎರಡು ಹನಿ ಲವಂಗದ ಎಣ್ಣೆ ಹಾಕಿದರೆ ಹುಳ ಹಿಡಿಯುವುದಿಲ್ಲ ಎಂದು ನಂಬಿದ್ದವರು ನಾನು ಕಂಡಂತೆ ಒಬ್ಬರೇ. ಅವರು ಹೋಗಿ ಎರಡು ವರ್ಷವಾಯಿತು. ವಾಸನೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಆಲ್ಬಮ್ಮಿನ ಜೊತೆ ಒಂದು ಚೀಟಿ ಇತ್ತು. ಅವರ ಮಗಳು ಹರಿಹರದಿಂದ ಬಂದು, ನಾನು ಸಿಗದೆ, ಬಸ್ಸಿಗೆ ಹೊತ್ತಾಯಿತೆಂದು ಬರೆದಿಟ್ಟು ಹೋಗಿದ್ದಳು. ಎಲ್ಲ ಹಾಳೆ ಸ್ಕ್ಯಾನ್ ಮಾಡಿ ಕಳಿಸಿ, ಕೊನೆಯ ಹಾಳೆ ಮುಖ್ಯ, ಸಂಜೆ ಫೋನ್ ಮಾಡುತ್ತೇನೆ ಎಂದಿತ್ತು. ಕೊನೆಯ ಹಾಳೆಯಲ್ಲಿ ಏನಿದೆ ಎಂದು ನನಗೆ ಗೊತ್ತು. ಅದನ್ನು ತಿರುವಿ ನೋಡುವ ಧೈರ್ಯ ಬರಲು ಚಹಾ ಕುಡಿದು ಬರಬೇಕಾಯಿತು.

ನಾನು ಕೆಲಸ ಮಾಡುವುದು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಫೋಟೊ ಪ್ರಿಂಟಿಂಗ್ ಲ್ಯಾಬಿನಲ್ಲಿ. ಅಲ್ಲಿ ಮದುವೆ ಆಲ್ಬಂ ಕಟ್ಟುತ್ತಿದ್ದ ಆ ಹಿರಿಯರನ್ನು ಮಾಲೀಕರಿಂದ ಹಿಡಿದು ಕಸ ಗುಡಿಸುವ ಅಮ್ಮನವರೆಗೆ ಎಲ್ಲರೂ ಚಾಚಾ ಎನ್ನುತ್ತಿದ್ದರು. ನಾನೂ ಎಂದೆ. ಪ್ರಾಯದಲ್ಲಿ ಪ್ರೆಸ್ಸೊಂದರಲ್ಲಿ ಶಾಲೆ ಪುಸ್ತಕ ಹೊಲಿಯುತ್ತಿದ್ದರಂತೆ, ಆಮೇಲೆ ಆಲ್ಬಮ್ಮಿಗೆ ಬಂದರು. ಕೈಯಲ್ಲಿ ಸದಾ ಅಂಟು. ನಾಲ್ಕು ಗಂಟೆಗೆ ಖಾರ ಮಂಡಕ್ಕಿ ಬಂದರೆ ಆಲ್ಬಂ ಹಾಳೆಯ ಕತ್ತರಿಸಿದ ಚೂರನ್ನು ಮಡಚಿ ಚಮಚ ಮಾಡಿಕೊಂಡು ತಿನ್ನುತ್ತಿದ್ದರು. ನನಗೂ ಒಂದು ಮಡಚಿ ಕೊಡುತ್ತಿದ್ದರು. ಆ ಚಮಚದಲ್ಲಿ ಯಾರದೋ ಮದುವೆಯ ಹಾರದ ತುದಿಯೋ, ಷಾಮಿಯಾನದ ಮೂಲೆಯೋ ಇರುತ್ತಿತ್ತು.

ನನ್ನ ಕೆಲಸ ಫೋಟೊಗಳನ್ನು ತರಿಸಿಕೊಳ್ಳುವುದು. ಹರಿಹರದ ಬಸ್ ನಿಲ್ದಾಣದ ಹತ್ತಿರ ಒಂದು ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ನಮ್ಮದೊಂದು ಕಂಪ್ಯೂಟರ್ ಇಟ್ಟಿದ್ದೆವು. ಆ ಕಡೆಯ ಫೋಟೊಗ್ರಾಫರುಗಳು ತಮ್ಮ ಮೆಮೊರಿ ಕಾರ್ಡನ್ನು ಅದಕ್ಕೆ ಸಿಕ್ಕಿಸಿ ನನಗೊಂದು ಫೋನ್ ಮಾಡುತ್ತಿದ್ದರು. ನಾನು ದಾವಣಗೆರೆಯಲ್ಲಿ ಕೂತೇ ಆ ಕಂಪ್ಯೂಟರಿನೊಳಗೆ ಹೊಕ್ಕು, ಫೋಟೊಗಳನ್ನು ಕಾರ್ಡಿನಿಂದ ನೇರವಾಗಿ ಎತ್ತಿ, ಮಾಲೀಕರು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಹಿಡಿದಿದ್ದ ಸರ್ವರ್ ಕಂಪ್ಯೂಟರಿಗೆ ಹತ್ತಿಸುತ್ತಿದ್ದೆ. ಆಮೇಲೆ ಪ್ರಿಂಟಿಗೆ ಬೇಕಾದಾಗ ಇಲ್ಲಿ ಇಳಿಸಿಕೊಳ್ಳುತ್ತಿದ್ದೆವು. ಒಂದು ಮದುವೆಯೆಂದರೆ ಆರುನೂರು, ಎಂಟುನೂರು ಫೋಟೊ. ಬ್ರೌಸರಿನಲ್ಲಿ ಒಂದೊಂದನ್ನೇ ಆರಿಸುತ್ತ ಕೂತರೆ ಮದುಮಗಳಿಗೆ ಮಗುವಾಗುವ ಹೊತ್ತಿಗೆ ಆಲ್ಬಂ ಸಿದ್ಧವಾಗುತ್ತಿತ್ತು. ಅದಕ್ಕೆ ಎಲ್ಲವನ್ನೂ ತಾನೇ ಸಾಲಾಗಿ ಕಳಿಸುವಂಥ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಕಪ್ಪು ಪರದೆ, ಬಿಳಿ ಅಕ್ಷರ, ಫೈಲುಗಳನ್ನು ಸರ್ವರಿನತನಕ ಒಯ್ಯುವ ಕರ್ಲ್ ಎನ್ನುವ ಒಂದು ಆಜ್ಞೆ. ಒಂದೊಂದು ಫೋಟೊ ಕಳಿಸಿದ ಮೇಲೂ ಪರದೆಯ ಮೇಲೆ ‘ಹೋಯಿತು’ ಎಂದು ಒಂದು ಸಾಲು ಬರುವಂತೆ ಮಾಡಿದ್ದೆ. ಅದನ್ನು ನೋಡುತ್ತ ಕೂರುವುದು ನನಗೆ ಒಂಥರಾ ನೆಮ್ಮದಿ.

ಮೊದಲ ಕೆಲವು ವಾರ ಆ ಸ್ಕ್ರಿಪ್ಟು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಒಂದು ಸಲ ಹತ್ತಿಸಿದ ಫೋಟೊಗಳೆಲ್ಲ ಮೂಲಕ್ಕಿಂತ ಒಂದಿಷ್ಟು ಕಡಿಮೆ ತೂಗಿದವು, ತೆರೆದರೆ ಒಂದೂ ತೆರೆಯಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ನಾನು ಕೊಟ್ಟ ಆಜ್ಞೆ ಫೋಟೊವನ್ನೂ ಬರಹವೆಂದೇ ತಿಳಿದು, ಸಾಲು ಮುರಿಯುವ ಗುರುತುಗಳನ್ನೆಲ್ಲ ತಿಂದು ಹಾಕಿತ್ತು. ಇದ್ದದ್ದನ್ನು ಇದ್ದ ಹಾಗೆ ಕಳಿಸು ಎಂದು ಬೇರೆಯಾಗಿಯೇ ಹೇಳಬೇಕಂತೆ. ಇನ್ನೊಂದು ಸಲ ಸರ್ವರಿನ ವಿಳಾಸ ಬದಲಾಗಿ, ಇಳಿಸಿಕೊಂಡ ಪ್ರತಿ ಫೋಟೊದೊಳಗೂ ‘ಇಲ್ಲಿಂದ ಬೇರೆ ಕಡೆ ಹೋಗಿದ್ದೇವೆ’ ಎಂಬ ಒಂದು ಸಾಲು ಬಿಟ್ಟರೆ ಏನೂ ಇರಲಿಲ್ಲ. ಚಾಚಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, “ಫೋಟೊ ಅಂತ ಹೆಸ್ರು ಇಟ್ಕಂಡು ಚೀಟಿ ಬಂದೈತಲ್ಲ ತಂಗಿ” ಎಂದರು. ನಾನು ನಕ್ಕೆ. ಆದರೆ ಅವರು ತಮಾಷೆ ಮಾಡಿರಲಿಲ್ಲ.

ಕಂಪ್ಯೂಟರೆಂದರೆ ಅವರಿಗೆ ಏನೂ ಗೊತ್ತಿರಲಿಲ್ಲ. ಕೇಳುವುದು ಮಾತ್ರ ಗೊತ್ತಿತ್ತು. ನಾನು ಸ್ಕ್ರಿಪ್ಟ್ ಓಡಿಸಿ ಮುಗಿಸಿದರೆ ಸಾಕು, ಅಂಟಿನ ಬ್ರಷ್ ಕೆಳಗಿಟ್ಟು, “ಏನಂತು?” ಎನ್ನುತ್ತಿದ್ದರು.

“ಹೋಯ್ತು ಅಂತು ಚಾಚಾ.”

“ಹೋತು ಅಂದಿದ್ದು ಯಾರು? ತಗಂಡು ಹೋದೋನಾ, ಅಲ್ಲಿ ಇಸ್ಕಂಡೋನಾ?”

ಆಮೇಲೆ ತಾವೇ, “ವಾಪಸ್ ತರ್ಸು. ಕಣ್ಣಿಲೆ ನೋಡಾಣ” ಎನ್ನುತ್ತಿದ್ದರು. ಹತ್ತಿಸಿದ್ದನ್ನು ಇನ್ನೊಂದು ಕಂಪ್ಯೂಟರಿಗೆ ಪೂರ್ತಿ ಇಳಿಸಿ, ಎಣಿಸಿ, ಮೊದಲನೆಯದು, ನಡುವಿನದು, ಕೊನೆಯದು ತೆರೆದು ತೋರಿಸಬೇಕು. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಮೂರನ್ನೂ ನೋಡುತ್ತಿದ್ದರು. ನೋಡಿ, ಆ ಮದುವೆಯ ಆರ್ಡರ್ ಕವರಿನ ಮೇಲೆ ತಮ್ಮ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಗೀಟು ಬಿದ್ದ ಮೇಲಷ್ಟೇ ನಾನು ಹರಿಹರಕ್ಕೆ ಫೋನ್ ಮಾಡಿ ಕಾರ್ಡ್ ಖಾಲಿ ಮಾಡಿಕೊಳ್ಳಿ ಎನ್ನಬಹುದು. ಇದು ಮಾಲೀಕರು ಮಾಡಿದ ನಿಯಮವಲ್ಲ. ಚಾಚಾ ಮಾಡಿದ್ದು, ಹೇಗೋ ಎಲ್ಲರೂ ಪಾಲಿಸುತ್ತಿದ್ದರು. ಫೋಟೊಗ್ರಾಫರುಗಳು, “ಸಾಹೇಬ್ರ ರುಜು ಆತೇನ್ರಿ?” ಎಂದು ಫೋನಿನಲ್ಲಿ ಕಿಚಾಯಿಸುತ್ತಿದ್ದರು. ನನಗೂ ಒಳಗೊಳಗೇ ಬೇಸರ. ಒಂದು ಮದುವೆ ಇಳಿಯಲು ಗಂಟೆ ಹಿಡಿಯುತ್ತಿತ್ತು, ಮತ್ತು ಸ್ಕ್ರಿಪ್ಟು ಸರಿಹೋದ ಮೇಲೆ ಮೂರು ತಿಂಗಳು ಒಂದೇ ಒಂದು ಫೋಟೊ ತಪ್ಪಿರಲಿಲ್ಲ...

ಹಾಗಿರುವಾಗ ಅವರ ಮಗಳ ನಿಕಾಹ್ ಬಂತು. ಹರಿಹರದಲ್ಲಿ, ಅವರ ಮನೆಯ ಹತ್ತಿರದ ಶಾದಿಮಹಲಿನಲ್ಲಿ. ಲ್ಯಾಬಿನವರೆಲ್ಲ ಹೋಗಿದ್ದೆವು. ಹೆಂಗಸರ ಕಡೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದವರು ಚಾಚಾನ ಹೆಂಡತಿ. ಸಣ್ಣಗಿನ ಹೆಂಗಸು, ಮಾತು ಕಡಿಮೆ, ಕೈ ಮಾತ್ರ ಬೆಚ್ಚಗೆ. ಅವರಿಗೆ ಫೋಟೊ ಎಂದರೆ ಆಗದು. ಯಾರಾದರೂ ಮೊಬೈಲು ಎತ್ತಿದರೆ ಸೆರಗು ಮುಖಕ್ಕೆ ಬರುತ್ತಿತ್ತು. ಊರವರ ಮದುವೆ ಫೋಟೊಗಳನ್ನೆಲ್ಲ ಅಂಟಿಸುವ ಮನುಷ್ಯನ ಮನೆಯಲ್ಲಿ ಹೆಂಡತಿಯ ಫೋಟೊ ಎಂದರೆ ಆಧಾರ್ ಕಾರ್ಡಿನದು ಒಂದೇ ಎಂದು ಚಾಚಾ ನಗುತ್ತ ಹೇಳುತ್ತಿದ್ದುದುಂಟು.

ಆ ದಿನ ಮಾತ್ರ ಮಗಳು ಹಟ ಹಿಡಿದಳು. ಹೆಂಗಸರ ಕಡೆಯ ಫೋಟೊಕ್ಕೆಂದೇ ಹರಿಹರದ ಒಬ್ಬ ಹೆಣ್ಣುಮಗಳು ಬಂದಿದ್ದಳು, ನಮ್ಮ ಲ್ಯಾಬಿಗೆ ಗೊತ್ತಿದ್ದವಳೇ. ಅವಳ ಮುಂದೆ ತಾಯಿ ಮಗಳ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ನಿಂತರು. ಸೆರಗು ಇಳಿಸಿ, ನೆಟ್ಟಗೆ ಕ್ಯಾಮೆರಾ ನೋಡಿದರು. ಇಬ್ಬರ ಕೈಯಲ್ಲೂ ಮೆಹಂದಿ ಇತ್ತು. ಒಂದೇ ಸಲ. ಆಮೇಲೆ ಮತ್ತೆ ಸೆರಗು ಮೇಲೆ ಹೋಯಿತು. ನಾನು ಅಲ್ಲೇ ಇದ್ದೆ, ನೋಡಿದ್ದೇನೆ.

ಮಾರನೆಯ ಬೆಳಿಗ್ಗೆ ಫೋಟೊ ತೆಗೆದ ಆ ಹುಡುಗಿ ಕಾರ್ಡ್ ಸಿಕ್ಕಿಸಿ ಫೋನ್ ಮಾಡಿದಳು. ಚಾಚಾ ಮೂರು ದಿನ ರಜೆ. ನಾನು ಸ್ಕ್ರಿಪ್ಟ್ ಓಡಿಸಿದೆ. ಹೋಯಿತು, ಹೋಯಿತು, ಹೋಯಿತು... ಪರದೆ ತುಂಬ ಅದೇ. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಅವಳ ಫೋನ್.

“ಅಕ್ಕಾ, ಆತೇನ್ರಿ? ನಾನು ಕೊಂಡಜ್ಜಿಗೆ ಹೊಂಡ್ಬೇಕು, ಅಲ್ಲೊಂದು ಮದುವಿ ಐತೆ. ಇನ್ನೊಂದು ಕಾರ್ಡ್ ಕೆಟ್ಟೈತ್ರಿ, ಇದೇ ಬೇಕು.”

ಇಳಿಸಿ ನೋಡಬೇಕಿತ್ತು. ಒಂದು ಗಂಟೆ ತಾಳಿ ಎನ್ನಬೇಕಿತ್ತು. ಚಾಚಾನ ಟೇಬಲ್ಲು ಖಾಲಿ ಇತ್ತು. ಬ್ರಷ್ಷುಗಳ ಜೊತೆ ಸ್ಟೀಲ್ ಲೋಟದಲ್ಲಿ ಕೆಂಪು ಪೆನ್ಸಿಲ್ ನಿಂತಿತ್ತು. ಅವರೇ ಇಲ್ಲ, ಇನ್ನು ಯಾರು ಕೇಳುತ್ತಾರೆ ಎಂದುಕೊಂಡೆನೋ, ಅವರದೇ ಮನೆಯ ಮದುವೆ, ಬೇಗ ಆಗಲಿ ಎಂದುಕೊಂಡೆನೋ, ಈಗ ಎಷ್ಟು ಕೆದಕಿದರೂ ನೆನಪಾಗುವುದಿಲ್ಲ. ಪೆನ್ಸಿಲ್ ತೆಗೆದುಕೊಂಡು ಕವರಿನ ಮೇಲೆ ನಾನೇ ಗೀಟು ಎಳೆದೆ. “ಆಯ್ತು, ಖಾಲಿ ಮಾಡ್ಕೊಳ್ರಿ” ಎಂದೆ.

ಚಾಚಾ ಕೆಲಸಕ್ಕೆ ಬಂದ ದಿನ ಸಿಹಿಯ ಡಬ್ಬಿ ತಂದಿದ್ದರು. ಹಂಚಿ ಮುಗಿಸಿ, ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಸ್ಟೂಲ್ ಎಳೆದುಕೊಂಡರು. “ನಮ್ದು ತೋರ್ಸು ತಂಗಿ” ಎಂದರು. ಕೆಲಸದ ಹೊತ್ತಿನಲ್ಲಿ ಅವರು ಅಂಟಿನ ಕೈ ತೊಳೆದು ಕೂತದ್ದನ್ನು ನಾನು ನೋಡಿರಲಿಲ್ಲ.

ಇಳಿಸಲು ಹಾಕಿದೆ. ಮೊದಲ ನಲವತ್ತೊಂದು ಫೋಟೊ ಚೆನ್ನಾಗಿ ಬಂದವು. ಬಳೆ, ಬಟ್ಟೆ, ಕನ್ನಡಿ, ಸಾಲಾಗಿ ಬಿಟ್ಟ ಚಪ್ಪಲಿ, ಮಗಳ ಅಲಂಕಾರ. ನಲವತ್ತೆರಡನೆಯದು ತಾಯಿ ಮಗಳದು. ಎರಡು ಮುಖ ಬಂದಿತ್ತು, ಹೆಗಲು ಬಂದಿತ್ತು, ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಅದರ ಮುಂದಿನವು ಒಂದೂ ಫೋಟೊ ಅಲ್ಲ. ಎಲ್ಲವೂ ಒಂದೇ ಅಳತೆಯ ಸಣ್ಣ ಫೈಲುಗಳು, ಒಳಗೆ ‘ನೀವು ಕೇಳಿದ ಫೈಲ್ ಇಲ್ಲಿಲ್ಲ’ ಎಂಬ ಸಾಲು. ಆರುನೂರು ಚೀಟಿ.

ಆಮೇಲೆ ಹುಡುಕಿದಾಗ ಕಾರಣ ಸಿಕ್ಕಿತು. ನಲವತ್ತೆರಡನೆಯ ಫೋಟೊ ಬರೆಯುತ್ತಿರುವಾಗಲೇ ಸರ್ವರಿನ ಜಾಗ ಮುಗಿದಿತ್ತು. ಅಲ್ಲಿಂದ ಮುಂದೆ ಪ್ರತಿ ಫೋಟೊಕ್ಕೂ ಅದು ‘ಜಾಗವಿಲ್ಲ’ ಎಂದೇ ಉತ್ತರ ಕೊಟ್ಟಿತ್ತು, ಆರುನೂರು ಸಲ ಕೊಟ್ಟಿತ್ತು. ಆದರೆ ಕರ್ಲಿನ ಪಾಲಿಗೆ, ತಾನು ಬಾಗಿಲತನಕ ಹೋಗಿ ಉತ್ತರ ಕೇಳಿಸಿಕೊಂಡು ಬಂದರೆ ಕೆಲಸವಾಯಿತು ಎಂದೇ ಲೆಕ್ಕ. ಉತ್ತರ ಏನಾದರೂ ಅದಕ್ಕೇನು. ಅಲ್ಲಿಯವರು ಒಲ್ಲೆ ಎಂದರೆ ಅದನ್ನು ಸೋಲೆಂದು ತಿಳಿ ಎಂದು ಹೇಳಲು ಒಂದು ಪದ ಸೇರಿಸಬೇಕಿತ್ತು. ನಾನು ಸೇರಿಸಿರಲಿಲ್ಲ. ಹೋಯಿತು ಅಂದದ್ದು ಯಾರು ಎಂದು ಚಾಚಾ ಮೊದಲ ದಿನದಿಂದ ಕೇಳುತ್ತಿದ್ದುದು ಇದನ್ನೇ.

ಅವರು ತುಂಬ ಹೊತ್ತು ಆ ಅರ್ಧ ಫೋಟೊ ನೋಡಿದರು. “ಕೈ ಬಂದಿಲ್ಲ” ಎಂದರು. ಆಮೇಲೆ ಕವರು ಎತ್ತಿ ಗೀಟು ನೋಡಿದರು. ಯಾರು ಎಳೆದದ್ದು ಎಂದು ಕೇಳಲಿಲ್ಲ. ನನ್ನ ಗೀಟು ಅವರದರಷ್ಟು ನೆಟ್ಟಗಿರಲಿಲ್ಲ, ಗುರುತು ಸಿಕ್ಕಿರಬೇಕು. ನಾನೇ, “ಚಾಚಾ, ನಾನು...” ಎಂದೆ. “ಇರ್ಲಿ. ಇನ್ನೊಂದ್ಸಲ ನಿಲ್ಸಿ ತೆಗಸಾಣ ಬಿಡು” ಎಂದು ಎದ್ದು ಹೋಗಿ ಅಂಟು ಕಲಸಲು ಕೂತರು. ಬೈದಿದ್ದರೆ ನನಗೆ ಅಳಲಾದರೂ ಬರುತ್ತಿತ್ತು.

ಫೋಟೊ ತೆಗೆದ ಹುಡುಗಿ ಕಾರ್ಡ್ ತಂದಳು. ಅಳಿಸಿದ್ದನ್ನು ಮರಳಿ ತೆಗೆಯುವ ಏನೇನೋ ಸಾಫ್ಟ್‌ವೇರ್ ಹಾಕಿ ನಾಲ್ಕು ದಿನ ಹಿಂಡಿದೆ. ಕೊಂಡಜ್ಜಿಯ ಮದುವೆ ಪೂರ್ತಿ ಬಂತು, ಕೆರೆಯ ದಂಡೆಯಲ್ಲಿ ಮದುಮಕ್ಕಳು ನಗುತ್ತ ನಿಂತದ್ದು ಒಂದಾದ ಮೇಲೊಂದು. ಅದರ ಅಡಿಯಲ್ಲಿ ಇದ್ದ ನಮ್ಮ ಮದುವೆಯದು ಏನೂ ಉಳಿದಿರಲಿಲ್ಲ. ನೆಂಟರ ಮೊಬೈಲುಗಳನ್ನೂ ಕೇಳಿ ತರಿಸಿದೆ. ಮದುಮಗಳು ಸಿಕ್ಕಳು, ಊಟ ಸಿಕ್ಕಿತು. ತಾಯಿಯದು ಸಿಕ್ಕಿದ್ದು ಬೆನ್ನು, ಮೊಣಕೈ, ಮುಖ ಮುಚ್ಚಿದ ಸೆರಗು.

ಇನ್ನೊಂದು ಸಲ ನಿಲ್ಲಿಸಿ ತೆಗೆಸುವುದು ಆಗಲಿಲ್ಲ. ಆ ತಾಯಿ ನಕ್ಕು ಮುಂದೂಡುತ್ತ ಬಂದರು, ಮೊದಲ ಸಲದ ಹಬ್ಬಕ್ಕೆ ಮಗಳು ತವರಿಗೆ ಬಂದಾಗ ನೋಡೋಣ ಎಂದರಂತೆ. ಹಬ್ಬಕ್ಕೆ ಮೊದಲೇ ಜ್ವರವೆಂದು ಆಸ್ಪತ್ರೆ ಸೇರಿದವರು ವಾಪಸು ಬರಲಿಲ್ಲ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು.

ಮಾತಾಡಿಸಲು ಹರಿಹರಕ್ಕೆ ಹೋದಾಗ ಚಾಚಾ ಬಾಗಿಲ ಬಳಿ ಕುರ್ಚಿಯಲ್ಲಿದ್ದರು. “ಬಾ ತಂಗಿ, ಕುಂದ್ರು” ಎಂದರು. ಮಗಳು ಒಳಗೆ ಹೆಂಗಸರ ಜೊತೆ ಇದ್ದಳು. ನಾನು ಪಕ್ಕದಲ್ಲಿ ಕೂತೆ. ಅವರೇ, “ಆ ಅರ್ಧದ್ದು ಇಟ್ಟೀಯಾ?” ಎಂದು ಕೇಳಿದರು. ಇಟ್ಟಿದ್ದೆ. ಮೂರು ಕಡೆ ಇಟ್ಟಿದ್ದೆ.

ಕೆಲಸಕ್ಕೆ ಮರಳಿದ ಮೇಲೆ ಅವರು ಅದನ್ನು ಪ್ರಿಂಟ್ ಹಾಕಲು ಹೇಳಿದರು. ಬೂದು ಭಾಗ ಕತ್ತರಿಸಿ ಮುಖಗಳನ್ನಷ್ಟೇ ದೊಡ್ಡದು ಮಾಡುತ್ತೇನೆ ಎಂದೆ. ಇಲ್ಲವಾದರೆ ಬೇರೆ ಯಾವುದೋ ಫೋಟೊದ ಕೈ ತಂದು ಕೂಡಿಸಬಹುದು, ಗೊತ್ತೇ ಆಗದ ಹಾಗೆ ಮಾಡಿಕೊಡುತ್ತೇನೆ ಎಂದೆ. ಏನಾದರೂ ಮಾಡಿ ತುಂಬಿಕೊಡಬೇಕು ಎಂದು ಒದ್ದಾಡುತ್ತಿದ್ದೆ.

“ಬ್ಯಾಡ” ಎಂದರು. “ಅಲ್ಲಿ ಕೈ ಐತೆ. ಕಾಣ್ಸಾಕಿಲ್ಲ ಅಷ್ಟೇ.”

ಇದ್ದ ಹಾಗೇ ಪ್ರಿಂಟ್ ಹಾಕಿದೆ, ಮೇಲೆ ಎರಡು ಮುಖ, ಕೆಳಗೆ ಬೂದು. ಬಂದಿದ್ದ ನಲವತ್ತೊಂದು ಫೋಟೊಗಳ ಜೊತೆ, ಅದನ್ನು ಕೊನೆಯ ಹಾಳೆಯಾಗಿ ಇಟ್ಟು ಚಾಚಾ ಆಲ್ಬಂ ಕಟ್ಟಿದರು. ಮೂರು ದಿನ ಹಿಡಿಯಿತು. ಅಷ್ಟು ನಿಧಾನವಾಗಿ ಅವರು ಕಟ್ಟಿದ್ದನ್ನು ನಾನು ನೋಡಿರಲಿಲ್ಲ. ಮುಗಿದ ದಿನ ಲೋಟದಿಂದ ಕೆಂಪು ಪೆನ್ಸಿಲ್ ತೆಗೆದು ನನ್ನ ಟೇಬಲ್ಲಿನ ಮೇಲಿಟ್ಟು, “ಇನ್ನು ಮ್ಯಾಲೆ ಗೀಟು ನೀನೇ ಹಾಕವ್ವ” ಎಂದರು. ಶಿಕ್ಷೆಯೋ ನಂಬಿಕೆಯೋ ನನಗೆ ತಿಳಿಯಲಿಲ್ಲ. 

ಆಮೇಲಿನ ವರ್ಷಗಳಲ್ಲಿ ಆಲ್ಬಂ ಒತ್ತುವ ಯಂತ್ರ ಬಂತು, ಅಂಟಿಗೆ ಕೆಲಸವಿಲ್ಲದಾಯಿತು. ಚಾಚಾ ವಾರಕ್ಕೆರಡು ದಿನ ಬರುವವರು ಒಂದು ದಿನ ಬಂದರು, ಆಮೇಲೆ ಬರಲಿಲ್ಲ. ಹರಿಹರ ಎಷ್ಟು ದೂರ, ಅರ್ಧ ಗಂಟೆಯ ಬಸ್ಸು. ಈ ಭಾನುವಾರ ಹೋಗೋಣ, ಮುಂದಿನ ಭಾನುವಾರ ಹೋಗೋಣ... ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ. ಲ್ಯಾಬಿನ ಗುಂಪಿಗೆ ಯಾರೋ ಹಾಕಿದ್ದ ಮೆಸೇಜನ್ನು ನಾನು ತೆರೆದೇ ಇರಲಿಲ್ಲ.

ಮೊನ್ನೆ ಆಲ್ಬಂ ಬಂದ ದಿನವೇ ಸಂಜೆ ಆರರ ಹೊತ್ತಿಗೆ ಚಾಚಾನ ಮಗಳ ಫೋನ್ ಬಂತು. ಆಲ್ಬಂ ಸಿಕ್ಕಿತೆಂದೆ. ಅವಳ ಮಗ ದೊಡ್ಡವನಾಗಿದ್ದಾನೆ, ಅಜ್ಜಿ ಅಂದರೆ ಯಾರು ಎಂದು ಕೇಳುತ್ತಾನೆ, ಫೋನಿನಲ್ಲಿ ಇಟ್ಟುಕೊಳ್ಳಬೇಕು ಎಂದಳು. ಒಂದು ಕ್ಷಣ ತಡೆದು, “ಅಕ್ಕಾ, ಈಗ ಎಐ ಅಂತ ಬಂದೈತಲ್ರಿ, ಆ ಕೆಳಗಿಂದು ತುಂಬ್ಸಾಕ ಆಗ್ತೈತಾ?” ಎಂದು ಕೇಳಿದಳು.

“ಆಗ್ತೈತೆ” ಎಂದೆ. ಇಷ್ಟು ವರ್ಷ ನಾನು ಕಾದದ್ದು ಇದೇ ಮಾತಿಗೆ ಇರಬೇಕು. 

“ಅಬ್ಬಾಗ ಭಾಳ ಕೊರಗಿತ್ರಿ ಅದು. ನಾನು ರಜಾ ಹಾಕಿ ಕುಂತೆ, ನೋಡೋದು ನನ್ ಕೆಲಸ ಆಗಿತ್ತು, ನನ್ನಿಂದ್ಲೇ ಹಂಗಾತು ಅಂತಿದ್ರು.”

ಹಾಗೆ ಹೇಳಿದ್ದರಂತೆ. ಮಗಳಿಗೆ, ಅಳಿಯನಿಗೆ, ಕೇಳಿದವರಿಗೆಲ್ಲ. ಮಗಳ ಮದುವೆಗೆ ರಜೆ ಹಾಕಿದ್ದೇ ತಮ್ಮ ತಪ್ಪೆಂದು. ನನ್ನ ಹೆಸರು ಒಂದು ಸಲವೂ ಎತ್ತಿರಲಿಲ್ಲ. ನಾನು ಕುರ್ಚಿಯಲ್ಲಿ ಕೂತೆ.

“ನೋಡದೇ ಇದ್ದದ್ದು ನಾನಮ್ಮ” ಎಂದೆ. “ನೋಡದೇ ಗೀಟು ಹಾಕಿದ್ದು ನಾನು. ಕಾರ್ಡ್ ಖಾಲಿ ಮಾಡು ಅಂದದ್ದೂ ನಾನೇ. ನಿಮ್ಮಪ್ಪನದು ಏನೂ ತಪ್ಪಿರಲಿಲ್ಲ.”

ಆ ಕಡೆ ಹಿಂದಿನಿಂದ ಪ್ರೆಶರ್ ಕುಕ್ಕರಿನ ಸೀಟಿ, ಮಗುವಿನ ದನಿ.   ಕಾದೆ.

“ಅಕ್ಕಾ” ಎಂದಳು ಕೊನೆಗೆ.  “ತುಂಬ್ಸಾದು ಬ್ಯಾಡ ಬಿಡ್ರಿ. ಅಮ್ಮಿ ಕೈ ಹೆಂಗಿತ್ತು ಅಂತ ನಂಗೆ ಗೊತ್ತೈತೆ. ಹಿಡ್ಕಂಡಿದ್ದು ನನ್ನ ಕೈನೇ ಅಲ್ವಾ. ಹಂಗೇ ಕಳ್ಸ್ರಿ.”

ನನ್ನನ್ನು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ. 

ಉಳಿದ ಹಾಳೆಗಳನ್ನೆಲ್ಲ ಮುಗಿಸಿ, ಕೊನೆಯ ಹಾಳೆ ಸ್ಕ್ಯಾನರಿನ ಮೇಲಿಟ್ಟೆ. ಹತ್ತಿಸಿದೆ. ಹೋಯಿತು ಎಂದು ಸಾಲು ಬಂತು. ಇನ್ನೊಂದು ಕಂಪ್ಯೂಟರಿಗೆ ಇಳಿಸಿ, ತೆರೆದು, ಕನ್ನಡಕ ಹಣೆಗೇರಿಸಿ ನೋಡಿದೆ. ನನಗೂ ಈಗ ಹತ್ತಿರದ್ದು ಕಾಣಲು ಕನ್ನಡಕ ತೆಗೆಯಬೇಕು. ಎರಡು ಮುಖ ಇತ್ತು. ಕೆಳಗೆ ಬೂದು ಇತ್ತು, ಅದೂ ಒಂದು ಗೆರೆ ಕಡಿಮೆಯಾಗದೆ ಪೂರ್ತಿ ಬಂದಿತ್ತು. ಕೆಂಪು ಪೆನ್ಸಿಲ್ ಹೆರೆದು ಹೆರೆದು ಈಗ ಬೆರಳುದ್ದ ಉಳಿದಿದೆ. ಹೊಸ ಕವರು ತೆಗೆದುಕೊಂಡು ಅದರ ಮೇಲೆ ಗೀಟು ಎಳೆದೆ. ಎಳೆದ ಮೇಲೂ ಕೈ ಎತ್ತದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ, ಪಕ್ಕದ ಸ್ಟೂಲಿನಿಂದ ಯಾರಾದರೂ ಏನಂತು ಎಂದು ಕೇಳಲಿ ಎಂದು. ಯಾರೂ ಕೇಳಲಿಲ್ಲ.